ಎಳ್ಳಿನ ಪತಂಗ

ನವಲಗುಂದ
18 ಜುಲೈ 1942

ತೀರ್ಥರೂಪ ಭಾವನವರ ಪಾದಗಳಿಗೆ ಇಂದೂ ಮಾಡುವ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಇದ್ದ ಹಾಗೆ ಇದ್ದೇವೆ. ಪುಣೆಯಲ್ಲಿ ನೀವೂ ರಾಧಕ್ಕನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇದು ಅತ್ತೆಯವರು ಹೇಳಿ ಬರೆಸುತ್ತಿರುವ ಪತ್ರ. ಅವರು ತುಳಸಿಕಟ್ಟೆಗೆ ಒರಗಿ ಕೂತು ಹೇಳುತ್ತಿದ್ದಾರೆ, ನಾನು ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವರ ಮಾತನ್ನು ಅವರು ಆಡಿದಂತೆಯೇ ಹಾಕುತ್ತೇನೆ.

"ದಿಗೂ, ಮಳಿ ಹಿಡಿದಾಗಿಂದ ದೇವರ ಮನ್ಯಾಗಿನ ದೀಪಕ್ಕ ಒಂದು ದೊಡ್ಡ ಹುಳಾ ಬರಲಿಕ್ಕತ್ತದ. ಬಾವಲಿ ಮರಿಯಷ್ಟು ಅದ. ಬ್ಯಾರೆ ಹುಳದ್ಹಂಗ ದೀಪಾ ಸುತ್ತಿ ಸುಟ್ಟುಕೊಳ್ಳಂಗಿಲ್ಲ. ನಿನ್ನ ತಮ್ಮ ಮಾರ್ತಾಂಡ ಸಂಧ್ಯಾವಂದನಿಗೆ ಕೂಡತಿದ್ದ ಮಣಿ ಮ್ಯಾಲೆ ಬಂದು ಸುಮ್ಮನ ಕೂಡತದ. ನೀ ಹುಳದ ಇಸ್ಕೂಲಿನ್ಯಾಗ ಚಾಕರಿ ಮಾಡಾಂವ. ಅದು ಯಾರು ಅಂತ ನೋಡಿ ತಿಳಸು."

ನಾನು "ಯಾವುದು" ಎಂದು ಬರೆಯಹೋದೆ. ಅವರು ಮತ್ತೊಮ್ಮೆ ಓದಿಸಿ, "ಯಾರು ಅಂತ ಬರಿ" ಎಂದು ತಿದ್ದಿಸಿದರು.

ಇಲ್ಲಿಂದ ಕೆಳಗಿನದು ನನ್ನ ಮಾತು. ಅವರಿಗೆ ಓದಲು ಬಾರದು. ಇನ್ನೂ ಇಷ್ಟುದ್ದ ಏನು ಬರೆಯುತ್ತೀ ಎಂದು ಕೇಳಿದರು, ವಿಳಾಸ ಬರೆಯುತ್ತಿದ್ದೇನೆ ಎಂದೆ.

ಭಾವನವರೇ, ನಿಮ್ಮ ತಮ್ಮ ಪಲ್ಟಣಿನ ಕಾರಕೂನರಾಗಿ ಹೋದ ಸಿಂಗಾಪುರ ಜಪಾನಿನವರ ಕೈಗೆ ಬಿದ್ದು ಐದು ತಿಂಗಳಾಯಿತು. ಸರಕಾರದಿಂದ ಬಂದದ್ದು ಒಂದೇ ಕಾಗದ, ಪತ್ತೆಯಿಲ್ಲ ಎಂದು. ಸತ್ತರೆಂದು ಯಾರೂ ಹೇಳಿಲ್ಲ. ಪುರೋಹಿತ ಪ್ರಲ್ಹಾದಾಚಾರ್ಯರು ಮೊನ್ನೆ ಬಂದಾಗ ಅತ್ತೆಯವರು ಕೇಳಿದರು. ಪತ್ತೆಯಿಲ್ಲದವನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮಾಡಬೇಕು, ಆದರೆ ಹೋದ ಜೀವ ತಾನಾಗಿ ಗುರುತು ತೋರಿಸಿದರೆ ಕಾಯುವ ಕಾರಣವಿಲ್ಲ ಎಂದರು. ಅಂದಿನಿಂದ ಅತ್ತೆಯವರು ಗುರುತು ಹುಡುಕುತ್ತಿದ್ದಾರೆ. ಈ ಹುಳ ಬಂದು ಕೂತಿದೆ.

ಅದು ಬರೀ ಒಂದು ಹುಳ ಎಂದು ಬರೆದುಬಿಡಿ. ಇಂಗ್ಲಿಷ್ ಹೆಸರಿದ್ದರೆ ಇನ್ನೂ ಒಳ್ಳೆಯದು. ಹಲ್ಲಿ ಜಗ್ಗಾಡಿ ಬಿಟ್ಟ ಅಂಥದೇ ಇನ್ನೊಂದು ಹುಳದ ರೆಕ್ಕೆ ಸಿಕ್ಕಿತು, ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ.

ಇಂದೂ


ನಾರಾಯಣ ಪೇಠೆ, ಪುಣೆ
27 ಜುಲೈ 1942

ಚಿ. ಸೌ. ಇಂದೂಗೆ ದಿಗಂಬರನ ಆಶೀರ್ವಾದಗಳು.

ನೀನು ಕಳಿಸಿದ ರೆಕ್ಕೆಯ ಮೇಲೆ ಟಪಾಲಿನವರು ತಮ್ಮ ಮುದ್ರೆಯನ್ನು ಎಷ್ಟು ಭಕ್ತಿಯಿಂದ ಒತ್ತಿದ್ದಾರೆಂದರೆ, ಉಳಿದದ್ದನ್ನು ಹಣೆಗೆ ಹಚ್ಚಿಕೊಳ್ಳಬಹುದು. ಆದರೂ ಭೂತಗನ್ನಡಿ ಹಿಡಿದು ನೋಡಿದೆ. ದೊಡ್ಡ ಜಾತಿಯದೇ, ಸಂಶಯವಿಲ್ಲ. ಆದರೆ ರೆಕ್ಕೆಯೊಂದನ್ನೇ ನೋಡಿ ಪತಂಗದ ಹೆಸರು ಹೇಳುವುದೆಂದರೆ, ರುಮಾಲು ನೋಡಿ ವರ ಯಾರ ಮನೆಯವನೆಂದು ಹೇಳಿದ ಹಾಗೆ.

ನಮ್ಮ ಪದ್ಧತಿ ಹೇಳಿಕೊಡುತ್ತೇನೆ, ಕೇಳು. ಗೋಡೆಗೆ ಒಂದು ಬಿಳಿಯ ಧೋತರ ಕಟ್ಟಿ ಅದರ ಮುಂದೆ ದೀಪ ಇಡಬೇಕು. ಹುಳ ಧೋತರದ ಮೇಲೆ ಕೂರುತ್ತದೆ. ಆಗ ಅವಸರ ಮಾಡದೆ ನೋಡು. ಕೂತಾಗ ರೆಕ್ಕೆ ನೆಟ್ಟಗೆ ಎತ್ತುತ್ತದೋ, ಹಂಚಿನ ಮಾಡಿನಂತೆ ಇಳಿಬಿಡುತ್ತದೋ? ಒಳರೆಕ್ಕೆಯ ಬಣ್ಣವೇನು? ಹೊಟ್ಟೆಯ ಮೇಲೆ ಪಟ್ಟೆಯಿದೆಯೋ? ಮೀಸೆ ದಪ್ಪವೋ ತೆಳುವೋ? ಬೆನ್ನ ಮೇಲೆ ಏನಿದೆ? ಇಷ್ಟು ಬರೆದು ಕಳಿಸು, ಉಳಿದದ್ದು ನನಗೆ ಬಿಡು.

ಇಲ್ಲಿ ನನ್ನ ದೀಪಕ್ಕೇ ಕುತ್ತು ಬಂದಿದೆ. ಯುದ್ಧದ ಕತ್ತಲೆಯ ಕಾಯದೆ. ಎಲ್ಲರ ಕಿಟಕಿಗೂ ಕರೀ ಕಾಗದ. ಕಾಲೇಜಿನ ವರಾಂಡದಲ್ಲಿ ಧೋತರ ಕಟ್ಟಿ ಪೆಟ್ರೋಮ್ಯಾಕ್ಸ್ ಹಚ್ಚಿದ್ದೆ, ಪೇಠೆಯ ವಾರ್ಡನ್ ಮಧುಕರ ಎಂಬುವನು ಸೈಕಲ್ ಮೇಲೆ ಓಡಿಬಂದು, ನೀವು ಹುಳ ಕರೆಯುತ್ತೀರೋ ಜಪಾನಿನ ವಿಮಾನ ಕರೆಯುತ್ತೀರೋ ಎಂದು ಮರಾಠಿಯಲ್ಲಿ ಬೆಂಡೆತ್ತಿದ. ಈಗ ದೀಪಕ್ಕೆ ಡಬ್ಬಿ ಕವುಚಿ, ತೂತು ಕೊರೆದು ಕೆಲಸ ಮಾಡುತ್ತೇನೆ. ಬರುವ ಹುಳವೂ ಬರುವುದಿಲ್ಲ.

ಹುಳದ ಮಾತೆತ್ತಿದರೆ ರಾಧಾ ಎದ್ದು ಒಳಗೆ ಹೋಗುತ್ತಾಳೆ. ಅಂತೂ ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಇದರಲ್ಲಿ ಆಸ್ಥೆ ಹುಟ್ಟಿತಲ್ಲ ಎಂದು ನನಗೆ ಭಾಳ ಸಂತೋಷವಾಗಿದೆ. ಆಚಾರ್ಯರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹನ್ನೆರಡು ವರ್ಷವೆಂದು ಶಾಸ್ತ್ರವೇ ನಿನ್ನ ಪರವಾಗಿ ಹೇಳಿದ ಮೇಲೆ ಹೆದರುವುದೇನಿದೆ?

ದಿಗಂಬರ


ನವಲಗುಂದ
6 ಆಗಸ್ಟ್ 1942

ತೀರ್ಥರೂಪ ಭಾವನವರಿಗೆ ನಮಸ್ಕಾರಗಳು.

ನೀವು ಹೇಳಿದಂತೆ ದೇವರ ಮನೆಯ ಗೋಡೆಗೆ ಧೋತರ ಕಟ್ಟಿದೆ. ಮನೆಯಲ್ಲಿ ಇದ್ದ ಧೋತರ ಇವರದೇ. ಹುಳ ಬಂದು ಅದರ ಮೇಲೆಯೇ ಕೂತಾಗ ಅತ್ತೆಯವರು ಎದ್ದು ನಿಂತುಬಿಟ್ಟರು. ಧೋತರ ಕಟ್ಟಿದ್ದು ನನ್ನ ತಪ್ಪಾಯಿತೋ ಏನೋ.

ರೆಕ್ಕೆ ಹಂಚಿನ ಮಾಡಿನಂತೆಯೇ ಇಳಿಬಿಟ್ಟಿದೆ. ಮೇಲಿನದು ಹಳೆಯ ಗೊಂಗಡಿ ಕಂಬಳಿಯ ಬಣ್ಣ. ಒಳರೆಕ್ಕೆ ಅರಿಶಿನ, ಅದರಲ್ಲಿ ಕರೀ ಪಟ್ಟೆ. ಹೊಟ್ಟೆಯೂ ಕಣಜದ ಹುಳದಂತೆ ಅರಿಶಿನ ಕಪ್ಪು, ಅರಿಶಿನ ಕಪ್ಪು. ಮೀಸೆ ದಪ್ಪ, ತುದಿ ಕೊಂಕಿದೆ. ಬೆನ್ನ ಮೇಲೆ ಒಂದು ಮುಖವಿದೆ, ಭಾವನವರೇ. ಎರಡು ಕಣ್ಣು, ಗಲ್ಲ, ಎಲ್ಲ ಇದೆ. ನಾನು ಕಲ್ಪಿಸಿಕೊಂಡು ಬರೆಯುತ್ತಿಲ್ಲ.

ಅತ್ತೆಯವರು ಅದನ್ನು ಸೆರಗಿನಿಂದ ಮೆಲ್ಲಗೆ ಹಿಡಿದರು. ಅದು ಕೈಯಲ್ಲಿ ಕಿರ್ರೆಂದು ಅತ್ತಿತು. ಹುಳ ಅಳುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವರು ಅದನ್ನು ಬಿಟ್ಟು, ಅಲ್ಲಿಯೇ ಕೂತು, "ಮಾರ್ತಾಂಡ ಹುಟ್ಟಿದಾಗ ಹಿಂಗs ಸಣ್ಣ ದನಿಲೆ ಅತ್ತಿದ್ದ" ಎಂದು ಬಹಳ ಹೊತ್ತು ಅತ್ತರು.

ನೀವು ನನಗೆ ಆಸ್ಥೆ ಹುಟ್ಟಿದೆ ಎಂದು ಬರೆದಿದ್ದೀರಿ. ಹಿರಿಯರ ಮುಂದೆ ಹೇಳುವ ಮಾತಲ್ಲ, ಆದರೆ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ಮಾವನವರು ತೀರಿಕೊಂಡಾಗ ಅತ್ತೆಯವರಿಗೆ ಇಪ್ಪತ್ತಾರು ವರ್ಷ. ಅಂದು ತೆಗೆದ ಕೂದಲು ಇಂದಿಗೂ ಬೆಳೆಯಬಿಟ್ಟಿಲ್ಲ. ಕ್ಷೌರದ ಹೊಳಬಸಪ್ಪ ತಿಂಗಳಿಗೊಮ್ಮೆ ಹಿತ್ತಲ ಬಾಗಿಲಿಗೆ ಬರುತ್ತಾನೆ. ಹೋದ ಸಲ ಬಂದಾಗ ಅತ್ತೆಯವರು ಅವನ ಹತ್ತಿರ ಕೆಳದನಿಯಲ್ಲಿ ಏನೋ ಮಾತಾಡಿದರು, ಅವನು ತಲೆಯೆತ್ತಿ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದ. ನನಗೆ ಇಪ್ಪತ್ತೊಂದು. ತವರಿನಲ್ಲಿ ಇರುವವನು ಅಣ್ಣನೊಬ್ಬನೇ, ಅತ್ತೆಯ ಮನೆಯವರು ಹೇಳಿದಂತೆ ನಡೆ ಎಂದು ಬರೆದಿದ್ದಾನೆ.

ನೀವು ಬರೆದದ್ದೇ ಈ ಮನೆಯಲ್ಲಿ ಪ್ರಮಾಣ. ಬೇಗ ಬರೆಯಿರಿ.

ಇಂದೂ


ಪುಣೆ
16 ಆಗಸ್ಟ್ 1942

ಚಿ. ಸೌ. ಇಂದೂಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ನನಗೆ ನಾಚಿಕೆಯಾಯಿತು. ನೀನು ಹೇಳಿದ್ದನ್ನು ಮೊದಲ ಸಲವೇ ತಿಳಿದುಕೊಳ್ಳಬೇಕಿತ್ತು. ಒಂಬತ್ತನೆಯ ತಾರೀಖಿನಿಂದ ಇಲ್ಲಿ ಮೆರವಣಿಗೆ, ಲಾಠಿ, ಅಂಗಡಿ ಬಂದ್. ಪುಢಾರಿಗಳೆಲ್ಲ ಸೆರೆಮನೆಯಲ್ಲಿ. ಅದರ ನಡುವೆಯೂ ಕಾಲೇಜಿಗೆ ಹೋಗಿ ಪತಂಗದ ಪೆಟ್ಟಿಗೆಗಳನ್ನೆಲ್ಲ ತೆಗೆಸಿ ನೋಡಿದೆ. ಸಿಕ್ಕಿತು. ಇನ್ನು ನೀನು ನಿಶ್ಚಿಂತೆಯಿಂದಿರು.

ಕೆಳಗೆ ಬರೆದದ್ದು ಅವ್ವನಿಗೆ. ಅಕ್ಷರ ಬಿಡದೆ ಓದಿ ಹೇಳು. ಮಗ ಶಾಸ್ತ್ರ ಓದಿಕೊಂಡು ಹೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಲಿ.

ಅವ್ವಾ, ನೀನು ಕಂಡದ್ದು ಎಳ್ಳಿನ ಪತಂಗ. ಪುಸ್ತಕದಲ್ಲಿ ಲ್ಯಾಟಿನ್ ಹೆಸರಿದೆ, ಅದು ನಿನಗೆ ಬೇಡ. ಇದು ಎಲ್ಲಿಂದಲೋ ಬಂದದ್ದಲ್ಲ. ನಮ್ಮ ಬಾವಿಯ ಹೊಲದಲ್ಲೇ ಹುಟ್ಟಿ ಬೆಳೆದದ್ದು. ಹೆಬ್ಬೆರಳಿನಷ್ಟು ದಪ್ಪ ಹಸಿರು ಹುಳ ಎಳ್ಳಿನ ಎಲೆ ತಿನ್ನುವುದನ್ನು ನೀನೇ ನೋಡಿದ್ದೀ. ಮಾರ್ತಾಂಡ ಸಣ್ಣವನಿದ್ದಾಗ ಒಂದನ್ನು ಟೊಪ್ಪಿಗೆಯಲ್ಲಿ ಇಟ್ಟುಕೊಂಡು ಸಾಲೆಗೆ ಹೋಗಿ ಮಾಸ್ತರರಿಂದ ಹೊಡಿಸಿಕೊಂಡಿದ್ದ, ಅದೇ ಇದು. ಅದಕ್ಕೆ ಎಳ್ಳೇ ಆಹಾರ. ತಿಂದು ಬೆಳೆದ ಮೇಲೆ ಮಣ್ಣಿನೊಳಗೆ ಹೋಗಿ ಮಲಗುತ್ತದೆ. ಹೊರಗಿನವರಿಗೆ ಸತ್ತ ಹಾಗೆಯೇ ಕಾಣುತ್ತದೆ. ಮಳೆ ಬಿದ್ದ ಮೇಲೆ ಬೇರೆ ರೂಪದಲ್ಲಿ ಎದ್ದು ಬರುತ್ತದೆ. ಹಸಿದಿರುತ್ತದೆ, ದೀಪ ಅದರ ದಾರಿ ತಪ್ಪಿಸುತ್ತದೆ. ಬೆನ್ನ ಮೇಲಿನ ಮುಖ ಬರೀ ಕೂದಲಿನ ಬಣ್ಣ. ಅಳು ಎಂದದ್ದು ಬಾಯಿಯ ಕೊಳವೆಯಿಂದ ಗಾಳಿ ಊದುವ ಸಪ್ಪಳ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ದಿಗಂಬರನ ಮಾತಿದು, ನೀನು ಸುಖವಾಗಿ ಮಲಗಿಕೋ.

ಇಂದೂ, ಇಷ್ಟನ್ನು ಓದಿದ ಮೇಲೆ ಹೊಳಬಸಪ್ಪ ತನ್ನ ಪೆಟ್ಟಿಗೆಯನ್ನು ಬೇರೆ ಮನೆಗೆ ಒಯ್ಯುತ್ತಾನೆ.

ದಿಗಂಬರ


ನವಲಗುಂದ
30 ಆಗಸ್ಟ್ 1942

ತೀರ್ಥರೂಪ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಮೊನ್ನೆ ಮುಟ್ಟಿತು. ಇಲ್ಲಿಯೂ ತಂತಿ ಕಡಿದಿದ್ದಾರೆ, ಟಪಾಲು ಮನಸ್ಸು ಬಂದಾಗ ಬರುತ್ತದೆ.

ಅಕ್ಷರ ಬಿಡದೆ ಓದು ಎಂದು ನೀವು ಬರೆದಿದ್ದಿರಿ. ನಾನು ಮೊದಲು ಒಬ್ಬಳೇ ಓದಿಕೊಳ್ಳಬೇಕಿತ್ತು. ಪಾಕೀಟು ಒಡೆದ ಕೂಡಲೇ ಅತ್ತೆಯವರು ಬಂದು ಎದುರಿಗೆ ಕೂತರು, ಪ್ರಲ್ಹಾದಾಚಾರ್ಯರೂ ಪಡಸಾಲೆಯಲ್ಲಿದ್ದರು. ಓದಿದೆ. ಎಳ್ಳು ಎಂಬ ಮಾತು ಬಂದಾಗ ಅತ್ತೆಯವರು ಕೈ ಎತ್ತಿ ನನ್ನನ್ನು ತಡೆದರು. ಮತ್ತೆ ಓದು ಎಂದರು. ಮತ್ತೆ ಓದಿದೆ. ಮಣ್ಣಿನೊಳಗೆ ಮಲಗುತ್ತದೆ, ಸತ್ತ ಹಾಗೆ ಕಾಣುತ್ತದೆ, ಬೇರೆ ರೂಪದಲ್ಲಿ ಎದ್ದು ಬರುತ್ತದೆ, ಹಸಿದಿರುತ್ತದೆ. ನನ್ನ ಬಾಯಿಂದಲೇ ಒಂದೊಂದಾಗಿ ಬಂತು. ನಡುವೆ ನಿಲ್ಲಿಸಲು ನನಗೆ ಧೈರ್ಯವಾಗಲಿಲ್ಲ, ಬೇರೆ ಮಾತು ಹೊಂದಿಸಿ ಓದುವ ಜಾಣತನವೂ ಹೊಳೆಯಲಿಲ್ಲ.

ಅವರು ಅಳಲಿಲ್ಲ. ಆಚಾರ್ಯರ ಕಡೆಗೆ ತಿರುಗಿ ಹೇಳಿದರು:

"ಎಳ್ಳು ಬೇಡೋರು ಯಾರ್ರಿ ಆಚಾರ್ರ? ನನ್ನ ಮಗಾ ಎಳ್ಳುನೀರಿಗೆ ಬಂದಾನ. ದಿಗೂನs ಬರದಾನ, ನಮ್ಮ ಹೊಲದಾಗ ಹುಟ್ಟಿ ಬೆಳದಾಂವ, ಮಣ್ಣಾಗಿಂದ ಎದ್ದು ಹಸಕೊಂಡು ಬಂದಾನ ಅಂತ."

ಹುಳದ ಮಾತು ಅದು, ಮನುಷ್ಯರ ಮಾತಲ್ಲ ಎಂದು ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆಚಾರ್ಯರು ನಿಮ್ಮ ಪತ್ರವನ್ನು ಇಸಿದುಕೊಂಡು ತಾವೂ ಓದಿದರು. ಹಿರಿಯ ಮಗ, ಅದೂ ಪುಣೆಯಲ್ಲಿ ಹುಳದ ಪಂಡಿತ, ತಾನೇ ಬರೆದ ಮೇಲೆ ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ ಎಂದು ನಿರ್ಣಯ ಕೊಟ್ಟರು. ಆಯುಧದಿಂದ ಸತ್ತವರ ತಿಥಿ ಪಿತೃಪಕ್ಷದ ಘಾತ ಚತುರ್ದಶಿ. ಈ ಸಲ ಅದು ಅಕ್ಟೋಬರ ಎಂಟರಂದು ಬರುತ್ತದೆ. ಅಂದು ದರ್ಭೆಯ ಗೊಂಬೆ ಸುಡುವುದು. ಹತ್ತನೆಯ ದಿನ ಉಳಿದದ್ದು. ನೀವು ಬಂದು ಕರ್ಮ ಮಾಡಬೇಕೆಂದು ಅತ್ತೆಯವರು ಹೇಳಿ ಬರೆಸಿದ್ದಾರೆ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ. ನೀವು ಒಳ್ಳೆಯದಕ್ಕೇ ಬರೆದಿರಿ. ಏನಾದರೂ ಮಾಡಿ.

ಇಂದೂ


ಪುಣೆ
14 ಸಪ್ಟೆಂಬರ 1942

ಚಿ. ಸೌ. ಇಂದೂಗೆ ಆಶೀರ್ವಾದಗಳು.

ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಟಪಾಲಿನ ತೊಂದರೆ ಗೊತ್ತಿದೆ. ಅವ್ವ ಸುಖವಾಗಿ ನಿದ್ದೆ ಮಾಡುತ್ತಿರಬೇಕು, ಅದಕ್ಕೇ ನಿನಗೆ ಬರೆಯುವ ಗರಜು ಬಿದ್ದಿಲ್ಲ ಎಂದು ತಿಳಿದಿದ್ದೇನೆ.

ಈ ಸಲ ಇಲ್ಲಿ ಗಣಪತಿ ಕತ್ತಲೆಯಲ್ಲೇ ಬಂದ. ರಾಧಾ ಕಡುಬು ಮಾಡಿದ್ದಳು, ನಿನ್ನನ್ನು ನೆನೆದಳು. ಗಲಾಟೆ ಅಡಗಿದ ಮೇಲೆ ನಿಮ್ಮಿಬ್ಬರನ್ನೂ ಇಲ್ಲಿಗೆ ಕರೆತರೋಣ ಅನ್ನುತ್ತಾಳೆ. ಒಂದು ಒಳ್ಳೆಯ ಸುದ್ದಿಯಿದೆ. ಮಿಲಿಟರಿ ಕಚೇರಿಯಲ್ಲಿ ಬೆಳಗಾವಿ ಕಡೆಯ ಕಾರಕೂನರೊಬ್ಬರ ಗುರುತಾಯಿತು. ಜಪಾನಿನವರು ಸೆರೆ ಹಿಡಿದವರ ಹೆಸರುಗಳು ರೆಡ್‌ಕ್ರಾಸಿನ ಮೂಲಕ ಒಂದೊಂದಾಗಿ ಬರುತ್ತಿವೆಯಂತೆ. ಪತ್ತೆಯಿಲ್ಲ ಎಂದವರಲ್ಲಿ ಎಷ್ಟೋ ಜನ ಸೆರೆಯಲ್ಲಿ ಜೀವಂತ ಇದ್ದಾರಂತೆ. ವರ್ಷ ಹಿಡಿದೀತು, ಎರಡು ವರ್ಷ ಹಿಡಿದೀತು, ಕಾಯಬೇಕು ಎಂದರು. ಕಾಯುವುದೇನು ನಮಗೆ ಹೊಸದೇ?

ನಿನ್ನ ಧೋತರಕ್ಕೆ ಈಚೆಗೆ ಬೇರೆ ಯಾವ ಪತಂಗ ಬಂದಿವೆ, ಬರೆ. ನಿನ್ನಷ್ಟು ಚೊಕ್ಕವಾಗಿ ನೋಡಿ ಬರೆಯುವವರು ನಮ್ಮ ಕಾಲೇಜಿನಲ್ಲೂ ಕಡಿಮೆ.

ದಿಗಂಬರ


ಪುಣೆ
25 ಸಪ್ಟೆಂಬರ 1942

ಚಿ. ಸೌ. ಇಂದೂ,

ಆಗಸ್ಟಿನಲ್ಲಿ ನೀನು ಬರೆದ ಪತ್ರ ಇವತ್ತು ಕೈಗೆ ಬಂತು. ನಾನು ಗಣಪತಿಯ ಕಡುಬಿನ ಸುದ್ದಿ ಬರೆಯುತ್ತ ಕೂತಿದ್ದಾಗ ನೀನು ಅಲ್ಲಿ ಹೇಗಿದ್ದೆಯೋ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನಂಥವನನ್ನು ನೋಡಿಯೇ ಅಂದಿರಬೇಕು. ಎಳ್ಳು ಎಂದು ಬರೆಯುವಾಗ ನನಗೆ ಹೊಲ ಕಂಡಿತು. ಅವ್ವನಿಗೆ ಏನು ಕಾಣುತ್ತದೆಂದು ಯೋಚಿಸಲಿಲ್ಲ. ಅವಳ ಮನೆಯಲ್ಲೇ ಬೆಳೆದವನು ನಾನು.

ಕೆಳಗಿನದು ಅವ್ವನಿಗೆ.

ಅವ್ವಾ, ನನ್ನಿಂದ ತಪ್ಪಾಗಿದೆ. ಮತ್ತೊಮ್ಮೆ ಪೆಟ್ಟಿಗೆ ತೆಗೆದು ನೋಡಿದೆ. ಅದು ಎಳ್ಳಿನ ಪತಂಗವಲ್ಲ. ಬದನೆಯ ಗಿಡದ ಪತಂಗ. ಬದನೆಯ ಎಲೆ ತಿಂದು ಬೆಳೆಯುತ್ತದೆ, ಎಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಹೊಲದ್ದೂ ಅಲ್ಲ. ಮಾರ್ತಾಂಡ ಸೆರೆಯಲ್ಲಿ ಇರಬಹುದೆಂದು ಕಚೇರಿಯಲ್ಲಿ ಹೇಳಿದ್ದಾರೆ. ಬದುಕಿರುವವನಿಗೆ ಎಳ್ಳುನೀರು ಬಿಟ್ಟರೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ಹಿರಿಯ ಮಗನಾಗಿ ನಾನು ಈ ಕರ್ಮ ಮಾಡುವುದಿಲ್ಲ, ಮಾಡಲು ಬರುವುದೂ ಇಲ್ಲ.

ಇಂದೂ, ಇದರಲ್ಲಿ ಅರ್ಧ ಸುಳ್ಳು. ಆ ಹುಳ ಬದನೆಯನ್ನೂ ತಿನ್ನುತ್ತದೆ, ಎಳ್ಳನ್ನೂ ತಿನ್ನುತ್ತದೆ. ಅಂದು ಎಳ್ಳೊಂದನ್ನೇ ಬರೆದೆ, ಇಂದು ಬದನೆಯೊಂದನ್ನೇ ಬರೆದಿದ್ದೇನೆ. ಇನ್ನು ಮೇಲೆ ನನ್ನ ಪತ್ರವನ್ನು ಅಕ್ಷರ ಬಿಡದೆ ಓದಬೇಡ. ನಿನಗೆ ಯಾವ ಮಾತು ಬೇಕೋ ಅದನ್ನು ನನ್ನ ಹೆಸರಿನಲ್ಲಿ ಸೇರಿಸಿ ಓದು. ನಾನು ಹೊರಡುವ ಪ್ರಯತ್ನ ಮಾಡುತ್ತಿದ್ದೇನೆ. ತಂತಿ ಕಳಿಸಲು ಹೋದೆ, ಆ ಕಡೆಗೆ ತೆಗೆದುಕೊಳ್ಳುವುದಿಲ್ಲ ಎಂದರು.

ದಿಗಂಬರ


ನವಲಗುಂದ
3 ಅಕ್ಟೋಬರ 1942

ತೀರ್ಥರೂಪ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಎರಡೂ ಪತ್ರ ಒಟ್ಟಿಗೇ ಬಂದವು. ಕಡುಬಿನ ಪತ್ರವನ್ನು ನಾನು ಎರಡು ಸಲ ಓದಿದೆ, ಅದರಲ್ಲಿ ಏನೂ ಆಗಿರಲಿಲ್ಲ.

ಬದನೆಯದನ್ನು ಅತ್ತೆಯವರಿಗೆ ಓದಿದೆ. ನನ್ನ ಕಡೆಯಿಂದಲೂ ಸೇರಿಸಿದೆ. ಗಂಡನಿದ್ದವಳ ಕುಂಕುಮ ಅಳಿಸಿದರೆ ಹಿರಿಯ ಮಗನ ಮನೆಗೂ ಕೇಡು ಎಂದು ನೀವು ಬರೆದಂತೆ ಓದಿದೆ. ಅವರು ಪೂರಾ ಕೇಳಿದರು. ಆಮೇಲೆ ಅಂದರು:

"ಎಳ್ಳು ಅಂತ ಬರದಾಗ ದಿಗೂ ನಕ್ಕೋತ ಬರದಿದ್ದ. ಬದನಿಕಾಯಿ ಅನ್ನೋ ಮುಂದ ಅಳಕೋತ ಬರದಾನ. ಯಾವುದು ಖರೆ ಅಂತ ಹಡದಾಕಿಗೆ ತಿಳೀತದ. ಕಡೀಕಿಂದು ಅವನ ಮಾತಲ್ಲ, ಅದನ್ನ ಓದೋ ಮುಂದ ನಿನ್ನ ಕಣ್ಣು ಕಾಗದದ ಮ್ಯಾಲೆ ಇರಲಿಲ್ಲ."

ನೀವು ಬರದಿದ್ದರೆ ದಾಯಾದಿ ಲೋಕನಾಥ ಕರ್ಮ ಮಾಡಬಹುದು ಎಂದು ಆಚಾರ್ಯರು ಹೇಳಿದ್ದಾರೆ. ಅವನು ಒಪ್ಪಿದ್ದಾನೆ. ಗೊಂಬೆ ಸುಡಲಿ, ನಾನು ಬಿಳಿಯ ಸೀರೆ ಉಡುತ್ತೇನೆ, ಕೂದಲೊಂದನ್ನು ಬಿಡಿ ಎಂದು ನಾನು ಆಚಾರ್ಯರನ್ನು ಬಾಯಿಬಿಟ್ಟು ಕೇಳಿದೆ. ಇಷ್ಟು ಮಾಡುತ್ತೇನೆ, ಅಷ್ಟು ಬಿಡುತ್ತೇನೆ ಎನ್ನಲು ಇದು ಸಂತೆಯಲ್ಲ ಎಂದರು.

ಅತ್ತೆಯವರನ್ನು ಕೆಟ್ಟವರೆಂದು ತಿಳಿಯಬೇಡಿ. ಅವರು ದಿನಾಲು ಸಂಜೆ ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾರೆ. ಮೊದಲು ಹಬ್ಬಕ್ಕೊಮ್ಮೆ ಹಚ್ಚುತ್ತಿದ್ದರು. ಸಿಕ್ಕು ಬಿಡಿಸಿ, ನೋವಾಗದ ಹಾಗೆ ಬಾಚಿ, ಬಿಗಿಯಾಗಿ ಹೆರಳು ಹಾಕುತ್ತಾರೆ. ನಿನ್ನೆ ಹಾಕುತ್ತ, "ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ ಇಂದೂ. ನನ್ನ ಮಗಾ ಹಸಕೊಂಡು ದೀಪಕ್ಕ ಬರಲಿಕ್ಕತ್ತಾನ, ನಾ ಹ್ಯಾಂಗ ಉಣ್ಣಲಿ" ಎಂದರು. ಅವರು ಈಗ ಒಪ್ಪತ್ತು ಮಾತ್ರ ಉಣ್ಣುತ್ತಾರೆ, ಅದೂ ಅರ್ಧ. ಅವರ ಮೇಲೆ ಸಿಟ್ಟು ಮಾಡಲು ಎಷ್ಟು ಪ್ರಯತ್ನಪಟ್ಟರೂ ನನ್ನಿಂದ ಆಗುತ್ತಿಲ್ಲ.

ಇನ್ನೊಂದು ಮಾತು. ನಿಮಗಲ್ಲದೆ ಯಾರಿಗೂ ಹೇಳುವಂತಿಲ್ಲ. ಮೊನ್ನೆ ಅವರು ಮಲಗಿದ ಮೇಲೆ ನಾನು ದೇವರ ಮನೆಗೆ ಹೋದೆ. ಹುಳ ಮಣೆಯ ಮೇಲೆ ಕೂತಿತ್ತು. ಅದನ್ನು "ನೀವೇ ಏನು" ಎಂದು ಕೇಳಿದೆ. ನೀವು ಕಲಿಸಿದ್ದೆಲ್ಲ ನೆನಪಿದ್ದೂ ಕೇಳಿದೆ. ಅದು ಸುಮ್ಮನಿತ್ತು. ಬೆರಳು ತಾಗಿಸಿದೆ, ಕಿರ್ರೆಂದಿತು. ನನಗೆ ಭಯವಾಗಲಿಲ್ಲ ಭಾವನವರೇ, ಸಂತೋಷವಾಯಿತು. ಎಂಟು ತಿಂಗಳಲ್ಲಿ ಯಾರೋ ನನಗೆ ಉತ್ತರ ಕೊಟ್ಟಂತಾಯಿತು. ಭಯ ಆಮೇಲೆ ಬಂತು.

ಬರಲು ಆಗುವುದಾದರೆ ಬನ್ನಿ.

ಇಂದೂ


ಪುಣೆ
11 ಅಕ್ಟೋಬರ 1942

ಚಿ. ಸೌ. ಇಂದೂಗೆ ಆಶೀರ್ವಾದಗಳು.

ರಜೆ ಕೊಟ್ಟದ್ದು ಐದನೆಯ ತಾರೀಖು. ಅಂದೇ ಗಾಡಿ ಹತ್ತಿದೆ. ಮಿರಜಿನಲ್ಲಿ ಎಲ್ಲರನ್ನೂ ಇಳಿಸಿದರು. ಮುಂದೆ ಎಲ್ಲೋ ಹಳಿ ಕಿತ್ತಿದ್ದಾರೆ, ದುರಸ್ತಿಯಾಗುವ ತನಕ ಪಲ್ಟಣಿನ ಗಾಡಿ ಬಿಟ್ಟು ಬೇರೇನೂ ಹೋಗುವುದಿಲ್ಲ ಎಂದರು. ಮೋಟಾರು ಕೇಳಿದೆ, ಪೆಟ್ರೋಲಿಲ್ಲ. ಚಕ್ಕಡಿ ಕೇಳಿದೆ, ನವಲಗುಂದ ಎಂದರೆ ನಕ್ಕರು. ಸ್ಟೇಶನ್ ಮಾಸ್ತರರ ಕೈ ಹಿಡಿದುಕೊಂಡು ಮನೆಯಲ್ಲಿ ಒಂದು ಅನ್ಯಾಯ ನಡೆಯುವುದಿದೆ ಎಂದೆ. ಎಲ್ಲರ ಮನೆಯಲ್ಲೂ ಏನಾದರೊಂದು ಇದೆ ರಾಯರೇ ಎಂದರು. ಎಂಟನೆಯ ತಾರೀಖು ಮಿರಜ ಸ್ಟೇಶನ್ನಿನ ಫಲಾಟಿನ ಮೇಲೆಯೇ ಕಳೆಯಿತು. ಸಂಜೆಗೆ ದೀಪಕ್ಕೆ ಸಣ್ಣ ಹುಳಗಳು ಮುತ್ತಿದವು. ಯಾವುದರ ಹೆಸರನ್ನೂ ನೆನೆಯಲು ಮನಸ್ಸಾಗಲಿಲ್ಲ. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಬಂದ ದಾರಿಯಲ್ಲೇ ತಿರುಗಿ ಬಂದೆ.

ನಿನ್ನ ಮೂರನೆಯ ತಾರೀಖಿನ ಪತ್ರ ಬಾಗಿಲಲ್ಲಿ ಬಿದ್ದಿತ್ತು. ಓದಿ ನಾನು ಅತ್ತುಬಿಟ್ಟೆ. ರಾಧಾಳೂ ಅತ್ತಳು. ಇಲ್ಲಿಗೆ ಬಂದುಬಿಡು, ಹೇಗಿದ್ದರೆ ಹಾಗೆ ಬಾ ಎಂದು ಅವಳು ಬರೆಯಹೇಳಿದ್ದಾಳೆ. ದಾರಿಯೇ ಇಲ್ಲದಾಗ ಬಾ ಎನ್ನುವುದು ಸುಲಭ.

ಈ ಪಾಕೀಟಿನ ಮೇಲೆ ವಿಳಾಸ ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಗಂಡನಿದ್ದವಳಿಗೆ ಸೌ. ಎಂದೂ ಇಲ್ಲದವಳಿಗೆ ಗಂ. ಭಾ. ಎಂದೂ ಬರೆಯುವುದು ನಮ್ಮ ರೂಢಿ. ಅಲ್ಲಿ ಈಗ ಏನಾಗಿದೆಯೋ ನನಗೆ ತಿಳಿಯದು. ನಾನು ಸೌ. ಎಂದೇ ಬರೆದಿದ್ದೇನೆ.

ದಿಗಂಬರ


ನವಲಗುಂದ
26 ಅಕ್ಟೋಬರ 1942

ತೀರ್ಥರೂಪ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ನೀವು ಮಿರಜಿನ ತನಕ ಬಂದಿರಿ ಎಂದು ತಿಳಿದು ನನಗೆ ಅಷ್ಟಾದರೂ ಸಮಾಧಾನವಾಯಿತು. ಟಪಾಲಿನ ಸಿದ್ದಲಿಂಗಪ್ಪ ಪಾಕೀಟಿನ ಮೇಲಿನದನ್ನು ಓದಿ, ನನ್ನನ್ನು ನೋಡಿ, ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹೋದ.

ಎಂಟರಂದು ಲೋಕನಾಥ ಹಳ್ಳದ ದಂಡೆಯಲ್ಲಿ ಗೊಂಬೆ ಸುಟ್ಟ. ಹದಿನೇಳರಂದು ಹೊಳಬಸಪ್ಪ ಬಂದ. ಅವನು ನನ್ನನ್ನು ತಾಯೀ ಎಂದು ಕರೆದು, ಕಣ್ಣು ಮುಚ್ಚಿಕೋರಿ ಎಂದ. ಅತ್ತೆಯವರು ನನ್ನ ಎರಡೂ ಕೈ ಹಿಡಿದುಕೊಂಡು ಎದುರಿಗೆ ಕೂತಿದ್ದರು. ಅವರೂ ಕಣ್ಣು ಮುಚ್ಚಿದ್ದರು. ಹೆಚ್ಚಿಗೆ ಬರೆಯಲಾರೆ. ಈಗ ಕಿವಿಯ ಹಿಂದೆ ಗಾಳಿ ತಣ್ಣಗೆ ತಾಗುತ್ತದೆ. ಅಭ್ಯಾಸದಿಂದ ಹೆರಳನ್ನು ಹಿಂದಕ್ಕೆ ಹಾಕಲು ಕೈ ಹೋಗುತ್ತದೆ, ಬರಿಗೈ ತಿರುಗಿ ಬರುತ್ತದೆ. ಈ ವರ್ಷ ಮನೆಯಲ್ಲಿ ನವರಾತ್ರಿ ನಡೆಯಲಿಲ್ಲ.

ಹತ್ತನೆಯ ದಿನದ ಎಳ್ಳುನೀರು ಬಿಟ್ಟು ಬಂದ ಮೇಲೆ ಅತ್ತೆಯವರು ಹೊಟ್ಟೆ ತುಂಬ ಉಂಡರು. ಎಷ್ಟೋ ತಿಂಗಳಿಗೆ ಉಂಡರು. ಅವನಿಗೆ ಮುಟ್ಟಿತು, ಇನ್ನು ಬರುವುದಿಲ್ಲ ಎಂದರು. ಮೂರು ರಾತ್ರಿ ಹುಳ ಬರಲಿಲ್ಲ. ಅವರು ನೆಮ್ಮದಿಯಿಂದ ಮಲಗಿದರು. ನಾನೂ ಮಲಗಿದೆ. ಹೋಗಲಿ, ಇಷ್ಟಕ್ಕಾದರೂ ಆಯಿತು ಎಂದುಕೊಂಡೆ.

ನಾಲ್ಕನೆಯ ರಾತ್ರಿ ಬಂತು.

ಅದೇ ರೆಕ್ಕೆ, ಅದೇ ಅರಿಶಿನ ಪಟ್ಟೆ, ಬೆನ್ನ ಮೇಲೆ ಅದೇ ಮುಖ. ಮಣೆಯ ಮೇಲೆ ಬಂದು ಕೂತಿತು. ನಾವಿಬ್ಬರೂ ನೋಡಿದೆವು. ಅತ್ತೆಯವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ತಲೆಯ ಕಡೆ ನೋಡಿದರು. ಸೆರಗು ಜಾರಿತ್ತು, ನಾನು ಎಳೆದುಕೊಂಡೆ. ಅವರು ಎದ್ದು, ಮಾವನವರ ಕಾಲದಿಂದ ಆರಿಸದೆ ಕಾಯ್ದುಕೊಂಡು ಬಂದ ದೀಪವನ್ನು ತಮ್ಮ ಕೈಯಿಂದ ಆರಿಸಿದರು. ಕತ್ತಲೆಯಲ್ಲಿ ಅದು ರೆಕ್ಕೆ ಬಡಿಯುವ ಸಪ್ಪಳ ಕೇಳುತ್ತಲೇ ಇತ್ತು.

ಅಂದಿನಿಂದ ಅವರು ಮಾತು ಬಿಟ್ಟಿದ್ದರು. ಇಂದು ಬೆಳಿಗ್ಗೆ ತುಳಸಿಕಟ್ಟೆಯ ಬಳಿ ಕೂತು ನನ್ನನ್ನು ಕರೆದರು. ಕಾಗದ ತಾ ಎಂದರು. ಬರೆಸಿದ್ದು ಇಷ್ಟೇ:

"ದಿಗೂ, ಅದು ಮತ್ತ ಬಂದದ. ಎಳ್ಳು ಕೊಟ್ಟೇವಿ, ನೀರು ಕೊಟ್ಟೇವಿ, ಈ ಹುಡಿಗಿ ಕೂದಲಾ ಕೊಟ್ಟೇವಿ. ಹಂಗಾದರ ಇದು ಯಾರು?"

ನಾನು "ಯಾರು" ಎಂದೇ ಬರೆದಿದ್ದೇನೆ. ಅವರು ಓದಿಸಿಕೊಂಡರು. ಆಮೇಲೆ "ಯಾವುದು ಅಂತ ಬರಿ" ಎಂದರು. ಹೊಡೆದು ಹಾಕಿ ಬರೆಯಲೇ ಎಂದು ಕೇಳಿದೆ. ಅವರು ಎದ್ದು ಒಳಗೆ ಹೋದರು.

ಭಾವನವರೇ, ಇದಕ್ಕೆ ಏನು ಉತ್ತರ ಬರೆಯುತ್ತೀರೋ ನನಗೆ ಗೊತ್ತಿಲ್ಲ. ಹುಳವೆಂದರೆ ಅವರು ಬದುಕುವುದಿಲ್ಲ, ಮಗನೆಂದರೂ ಬದುಕುವುದಿಲ್ಲ. ನೀವೇ ಯೋಚಿಸಿ ಬರೆಯಿರಿ. ಈ ಸಲ ನಾನು ಅಕ್ಷರ ಬಿಡದೆ ಓದಿ ಹೇಳುತ್ತೇನೆ.

ಇಂದೂ